ಮೊಳೆ ಸಾಲದೆ

ಸ್ಕೈಲ್ಯಾಬ್ ಬಿದ್ದ ವರ್ಷ. ಎಲ್ಲಿ ಬಿತ್ತೋ, ನಮ್ಮ ತಲೆಗಂತೂ ಅಲ್ಲ.
ಮಂಗಳೂರಿನ ಭವಂತಿ ಸ್ಟ್ರೀಟಿನಲ್ಲಿ ಪಡಿಯಾರರ ಪ್ರೆಸ್ಸು.
ಅಲ್ಲಿ ನಾನು ಮೊಳೆ ಜೋಡಿಸುತ್ತಿದ್ದೆ:
ಬೀಡಿ ಲೇಬಲ್ಲು, ಮದುವೆ ಕಾಗದ,
ಭೂನ್ಯಾಯ ಮಂಡಳಿಯ ನೋಟೀಸು, ಯಾರದೋ ಉತ್ತರಕ್ರಿಯೆ.

ಲೋಕಯ್ಯ ಸಾಲ್ಯಾನ್, ಬ್ಯಾಂಕಿನ ಗುಮಾಸ್ತ,
ಹಳೆಯ ಚಲನ್ನುಗಳ ಹಿಂಬದಿಯಲ್ಲಿ
ಕಾದಂಬರಿ ಬರೆದು ತಂದ.
ಅಂತರಿಕ್ಷದಲ್ಲಿ ಒಬ್ಬ ಪೈಲಟ್. ಹೆಸರು ದೂಮಣ್ಣ.
"ಎಂತದು ಮಾರಾಯ್ರೆ, ಆಕಾಶದಲ್ಲಿ ದೂಮಣ್ಣನಾ?" ಎಂದೆ.
"ನನ್ನ ಮಾವನ ಹೆಸರು ಅಕ್ಕ. ಬೋಟಿನ ತಾಂಡೇಲ.
ಕತ್ತಲಲ್ಲಿ ನಕ್ಷತ್ರ ನೋಡಿಯೇ ಅಳಿವೆ ದಾಟುತ್ತಿದ್ದ.
ಅವನಿಗಲ್ಲದೆ ಇನ್ಯಾರಿಗೆ ಕೊಡಲಿ ನೌಕೆ?"

ಮೂರನೇ ಫಾರ್ಮಿನಲ್ಲಿ ಎಂಜಿನ್ ಸತ್ತಿತು.
ಹೆಸರಿಲ್ಲದ ಒಂದು ಗ್ರಹದ ನೆರಳಿನಲ್ಲಿ
ದೂಮಣ್ಣ ಒಬ್ಬನೇ. ನೀರು ಹದಿನೇಳು ದಿನಕ್ಕೆ.
ರೇಡಿಯೋ ಹಿಡಿದು ಕರೆದ:
ಭೂಮಿ, ಭೂಮಿ, ಕೇಳುತ್ತದೋ?
ಭೂಮಿ, ಇದು ದೂಮಣ್ಣ.
ಪುಟಕ್ಕೆ ಎಂಟು ಸಲ, ಹತ್ತು ಸಲ.

ನಮ್ಮ ಕೇಸಿನಲ್ಲಿ ಭ ಇದ್ದದ್ದು ಇಪ್ಪತ್ತಮೂರು.
ನೋಟೀಸಿಗೆ ಅದು ಧಾರಾಳ.
ಇವನ ಕೂಗಿಗೆ ಎಲ್ಲಿ ಸಾಕು?

ಮೊಳೆ ಸಾಲದಾಗ ಕಸುಬಿನಲ್ಲಿ ಒಂದು ಉಪಾಯ ಉಂಟು.
ಅದೇ ದಪ್ಪದ ಇನ್ನೊಂದನ್ನು ತಲೆಕೆಳಗೆ ನಿಲ್ಲಿಸುವುದು.
ಪ್ರೂಫಿನಲ್ಲಿ ಅದರ ಕಾಲು ಒತ್ತುತ್ತದೆ,
ಎರಡು ಕಪ್ಪು ಗೆರೆ. ಆಮೇಲೆ ತುಂಬಿದರಾಯಿತು.

ಹಾಗಾಗಿ ಮನೆಯನ್ನು ಕರೆದಾಗಲೆಲ್ಲ
ದೂಮಣ್ಣನ ಬಾಯಿಂದ ಬಂದದ್ದು
ಮಸಿ ಮೆತ್ತಿದ ಒಂದು ಜೋಡಿ ಪಾದ.
ಭಯವೂ ಹಾಗೆಯೇ ಬಂತು. ಭರವಸೆಯೂ.
ಯಾವುದು ಯಾವುದೆಂದು ತಿಳಿಯಲು
ಮುಂದಿನ ಅಕ್ಷರದವರೆಗೆ ಕಾಯಬೇಕು.

ಬೈಯುತ್ತಾನೆ ಎಂದುಕೊಂಡಿದ್ದೆ.
ಸಾಲ್ಯಾನ್ ಪ್ರೂಫನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದ.
"ಹೀಗೆಯೇ ಇರಲಿ ಅಕ್ಕ.
ಅಷ್ಟು ದೂರದಿಂದ ಇಷ್ಟೇ ಕೇಳುವುದು."
ಪಡಿಯಾರರು ಒಪ್ಪಲಿಲ್ಲ. ಓದುವವರು ಪ್ರೆಸ್ಸಿಗೆ ಉಗಿಯುತ್ತಾರೆ ಎಂದು
ಮದ್ರಾಸಿನ ಫೌಂಡ್ರಿಗೆ ಕಾಗದ ಹಾಕಿದರು.

ಅಷ್ಟಮಿಯ ಮರುವಾರ ವರ್ಗದ ಆದೇಶ: ಸಿಲ್ಚಾರ್.
ಅಟ್ಲಾಸಿನಲ್ಲಿ ಹುಡುಕಿದೆವು, ಇಬ್ಬರೂ ಬಗ್ಗಿ.
ಹೊಲಿಗೆಯ ಹತ್ತಿರ, ಅರ್ಧ ಮಡಿಕೆಯೊಳಗೆ ಇತ್ತು.
"ಕೊನೆಯ ಅಧ್ಯಾಯ ಅಲ್ಲಿಂದ ಕಳಿಸ್ತೇನೆ,
ಅವನಿಗೊಂದು ದಾರಿ ನೋಡಿಟ್ಟಿದ್ದೇನೆ" ಎಂದು ಹೋದ.

ಬಂದದ್ದು ಒಂದು ಕಾರ್ಡು.
ಇಲ್ಲಿ ಮೀನು ಉಂಟು, ಹೊಳೆಯದ್ದು. ಉಪ್ಪೇ ಇಲ್ಲ ಅನಿಸುತ್ತದೆ.
ಬರೆಯಲು ಕುಳಿತರೆ ಕರೆಂಟು ಹೋಗುತ್ತದೆ.
ದಾರಿಯ ಸುದ್ದಿ ಇರಲಿಲ್ಲ.

ಕೊನೆಯ ಫಾರ್ಮು ಹುರಿಯಲ್ಲಿ ಬಿಗಿದು ಕಲ್ಲಿನ ಮೇಲೆ ಉಳಿಯಿತು.
ಹದಿನೇಳು ದಿನ ಆಯಿತು. ನಲವತ್ತು ಆಯಿತು.
ಹಂಚಿನ ಕಾರ್ಖಾನೆಯ ಕೂಗು ಕೇಳಿದಾಗಲೆಲ್ಲ ಒಮ್ಮೆ ಊದುತ್ತಿದ್ದೆ,
ಧೂಳು ಹೋಗಲಿ ಎಂದು. ಮತ್ತೆಂತಕ್ಕೂ ಅಲ್ಲ.

ಧನು ಕಳೆಯಿತು, ಮದುವೆಯ ಕೆಲಸ ರಾಶಿ ಬಿತ್ತು.
"ಮೊಳೆ ಬೇಕು. ಅದನ್ನು ಬಿಚ್ಚು" ಎಂದರು ಪಡಿಯಾರರು.
ಬಿಚ್ಚಿದೆ.
ನೌಕೆಯನ್ನು ನ ಮನೆಗೆ, ಕ ಮನೆಗೆ.
ನೀರಿನ ಲೆಕ್ಕವನ್ನು ಅಂಕಿಗಳ ಮನೆಗೆ.
ಒತ್ತುಗಳನ್ನು ಕೆಳಗಿನ ಸಣ್ಣ ಗೂಡುಗಳಿಗೆ.
ದೂಮಣ್ಣನ ದೂ ಸಂಜೆಯೊಳಗೆ
ಬಿಜೈಯ ಯಾವುದೋ ವಧುವಿನ ದೂರವಾಣಿ ಸಂಖ್ಯೆಗೆ ಹೋಯಿತು.

ಮರುದಿನ ಲಾರಿ ಆಫೀಸಿನ ಹುಡುಗ ಪಾರ್ಸೆಲ್ ತಂದ.
ಹೊಸ ಭ, ಅರ್ಧ ಕಿಲೋ, ಬೆಳ್ಳಗೆ ಹೊಳೆಯುವುದು.
ಎಲ್ಲರೂ ಊಟಕ್ಕೆ ಹೋದಾಗ
ಒಂದೇ ಸಾಲು ಕಟ್ಟಿದೆ:

ಭೂಮಿ ಕೇಳುತ್ತಿದೆ. ಮಾತಾಡು ದೂಮಣ್ಣ.

ಪೋಸ್ಟ್ ಕಾರ್ಡಿನಲ್ಲಿ ಒತ್ತಿದೆ, ಒಂದೇ ಪ್ರತಿ.
ವಿಳಾಸ ಪೆನ್ನಿನಲ್ಲಿ ಬರೆದೆ: ಸಿಲ್ಚಾರ್ ಶಾಖೆ.
ನಮ್ಮ ಸವೆದ ಮೊಳೆಗಳ ನಡುವೆ ಹೊಸದು ಒಂದು ಕೂದಲೆಳೆ ಎತ್ತರ,
ಹಾಗಾಗಿ ಭ ಮಾತ್ರ ಜೋರಾಗಿ ಒತ್ತಿತ್ತು.
ಓದಬೇಕೆಂದಿಲ್ಲ. ಕರೆಂಟು ಹೋದರೂ
ಕಾರ್ಡಿನ ಹಿಂಬದಿಯಲ್ಲಿ ಬೆರಳಿಗೆ ಸಿಗುತ್ತದೆ.